ಕೊಸರಿನ ಮಾವು

ವ್ಯಾಪಾರ ಗೊತ್ತಿಲ್ಲದವರು ಕೊಸರನ್ನು ದುಡ್ಡು ಕೊಟ್ಟ ಮೇಲೆ ಕೇಳುತ್ತಾರೆ. ಅದು ತಪ್ಪು. ಹಣ್ಣು ನಿಮ್ಮ ಚೀಲದೊಳಗೆ ಬಿದ್ದಿರಬೇಕು, ದುಡ್ಡು ಇನ್ನೂ ನಿಮ್ಮ ಮುಷ್ಟಿಯಲ್ಲೇ ಇರಬೇಕು. ಆ ನಡುವಿನ ಗಳಿಗೆಯಲ್ಲಿ ಮಾತ್ರ ಮಾರುವವರ ಕೈ ಸಡಿಲಾಗುತ್ತದೆ. ಆಗ ಏನೂ ಮಾತಾಡದೆ ಬುಟ್ಟಿಯ ಕಡೆ ಒಮ್ಮೆ ನೋಡಿ ಸುಮ್ಮನೆ ನಿಂತರೆ ಸಾಕು, ಒಂದು ಹಣ್ಣು ಹೆಚ್ಚಿಗೆ ಬಂದೇ ಬರುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಊರಿನ ಸಂತೆಗಳಲ್ಲಿ ನಾನು ಹೀಗೆ ನಿಂತು ಗೆದ್ದವಳು. ಗೆದ್ದು ತಂದದ್ದನ್ನು ನಮ್ಮ ಯಜಮಾನರು ಮಣ್ಣಿನಲ್ಲಿ ಹೂಳುತ್ತಾ ಬಂದರು.

ಹೂಳುವುದೆಂದರೆ ಬೀಜ ಊರುವುದು. ಅವರು ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ತೂಕದ ಕೆಲಸಕ್ಕಿದ್ದವರು. ತಕ್ಕಡಿಯ ಮುಳ್ಳು ಎಲ್ಲಿ ನಿಲ್ಲುತ್ತದೋ ಅಷ್ಟನ್ನೇ ಹೇಳುವ ಮನುಷ್ಯ. ಸಂತೆಯಲ್ಲಿ ಮಾರುವವರು ಹೇಳಿದ ದರವನ್ನು ಹೇಳಿದ ಹಾಗೇ ಕೊಟ್ಟು ಬರುತ್ತಿದ್ದರು. ಇವರನ್ನು ಒಬ್ಬರನ್ನೇ ಸಂತೆಗೆ ಕಳಿಸುವುದು ಸಂಸಾರಕ್ಕೆ ಒಳ್ಳೆಯದಲ್ಲ ಎಂದು ಮದುವೆಯಾದ ಹೊಸದರಲ್ಲೇ ನನಗೆ ತಿಳಿದುಹೋಯಿತು. ಮಿಲ್ಲು ನಿಂತ ಮೇಲೆ ಅವರು ನನ್ನ ಜೊತೆಗೇ ಬರತೊಡಗಿದರು. ನನ್ನದು ಶಾವಿಗೆ, ಹಪ್ಪಳ, ಸಂಡಿಗೆಯ ವ್ಯಾಪಾರ. ಯಾರದೋ ಹಳೆಯ ಶಾವಿಗೆ ಮಷಿನ್ನು ಬಾಡಿಗೆಗೆ ತಂದು ಶುರು ಮಾಡಿದ್ದು. ಈಗ ಚಚಡಿ, ದೇಗಾಂವದ ಮದುವೆ ಮನೆಗಳಿಂದಲೂ ಹೇಳಿ ಕಳಿಸುತ್ತಾರೆ. ಮಾರುವುದು, ಕೊಳ್ಳುವುದು, ಕೊಸರು ಗಿಟ್ಟಿಸುವುದು ನನ್ನ ಕೆಲಸ. ಚೀಲ ಹೊರುವುದು ಅವರದು.

ಮನೆಗೆ ಬಂದು ಕೊಂಡ ಹಣ್ಣುಗಳನ್ನು ನಾನು ಬುಟ್ಟಿಗೆ ಸುರಿದರೆ, ಕೊಸರಿನ ಹಣ್ಣು ಅವರ ಕೈಗೆ ಹೋಗುತ್ತಿತ್ತು. ಅದನ್ನು ತಿಂದು ಬೀಜ ತೆಗೆದಿಟ್ಟುಕೊಳ್ಳುವರು. ಕೊಂಡ ಹಣ್ಣಿನ ಬೀಜ ಯಾಕೆ ಬೇಡ ಎಂದು ಒಮ್ಮೆ ಕೇಳಿದೆ.

"ರೊಕ್ಕ ಕೊಟ್ಟಿದ್ದು ತಿನ್ನಾಕ ಆತು," ಎಂದರು. "ಪುಕ್ಕಟ ಬಂದಿದ್ದು ಉಳೀಬೇಕಲ್ಲ."

ನಮ್ಮ ಮನೆಯಲ್ಲಿ ಅದೇ ಕಾಯಿದೆಯಾಯಿತು. ಹಿತ್ತಲ ಗೋಡೆಯುದ್ದಕ್ಕೂ ಎಣ್ಣೆಯ ಡಬ್ಬಿ, ಒಡೆದ ಬಕೆಟ್ಟು, ಹಾಲಿನ ಪಾಕೀಟು ಸಾಲಾಗಿ ಕುಳಿತವು. ಎಲ್ಲದರಲ್ಲೂ ನಾನು ಸಂತೆಯಲ್ಲಿ ಬಾಯಿ ಮಾಡದೆ ಗೆದ್ದದ್ದು ಮೊಳಕೆಯೊಡೆಯುತ್ತಿತ್ತು.

ಬೀಜದಿಂದ ಹಣ್ಣಿನ ಗಿಡ ಮಾಡಬೇಕೆನ್ನುವವರಿಗೆ ಅವರನ್ನು ನೋಡಿ ನಾನು ಕಲಿತದ್ದನ್ನು ಹೇಳಿಬಿಡುತ್ತೇನೆ. ನಾನು ಪುಕ್ಕಟೆ ಕೊಡುವುದು ಸಲಹೆಯೊಂದನ್ನೇ. ಲಿಂಬೆಯ ಬೀಜವನ್ನು ಲೋಳೆ ಹೋಗುವಂತೆ ತೊಳೆದು, ಒಣಗಿ ಗರಿಗರಿಯಾಗುವ ಮೊದಲೇ ಊರಬೇಕು. ಪಪ್ಪಾಯಿಯದಾದರೆ ಕಾಳಿನ ಮೇಲಿನ ನೀರಿನ ಪೊರೆಯನ್ನು ಬೂದಿಯಲ್ಲಿ ತಿಕ್ಕಿ ತೆಗೆದು ನೆರಳಲ್ಲಿ ಆರಿಸಬೇಕು. ಪಪ್ಪಾಯಿ ಸಸಿ ಒಂದನ್ನೇ ನೆಟ್ಟು ದಾರಿ ಕಾಯುತ್ತ ಕೂಡಬೇಡಿ. ಮೂರ್ನಾಲ್ಕು ನೆಡಿ. ಉದ್ದ ಜೋತಾಡುವ ದಂಟಿನಲ್ಲಿ ಗೊಂಚಲಾಗಿ ಹೂ ಬಿಟ್ಟದ್ದು ಗಂಡು, ಕಾಂಡಕ್ಕೇ ಅಂಟಿಕೊಂಡು ಬಿಟ್ಟದ್ದು ಹೆಣ್ಣು. ಗಂಡು ಒಂದು ಉಳಿದರೆ ಸಾಕು. ಇನ್ನು ಮಾವಿನ ಗೊರಟೆ. ಮಳೆ ಬೀಳಲಿ ನೋಡೋಣ ಎಂದು ಅದನ್ನು ಗೂಡಿನಲ್ಲಿ ಇಟ್ಟವರ ಗೊರಟೆ ಅಲ್ಲಾಡಿಸಿದರೆ ಗಿಲಗಿಲ ಎನ್ನುತ್ತದೆ. ಅದು ಸತ್ತ ಹಾಗೆಯೇ. ತಿಂದ ಮೇಲೆ ತೊಳೆದು, ಒಂದೆರಡು ದಿನ ಆರಿಸಿ, ಅಂಚನ್ನು ಸೀಳಿ ಒಳಗಿನ ಬೀಜ ತೆಗೆದು, ಅದರ ಉಬ್ಬಿದ ಬೆನ್ನು ಮೇಲಾಗುವಂತೆ ಊರಬೇಕು. ಸೀಳುವುದಕ್ಕೆ ಅವರು ನನ್ನ ಅಡಕೊತ್ತನ್ನೇ ಬಳಸುತ್ತಿದ್ದರು. ಆಮೇಲೆ ಅದರಲ್ಲಿ ಅಡಿಕೆ ಕತ್ತರಿಸಿದರೆ ಎಲೆಯಡಿಕೆಗೂ ಮಾವಿನ ಸೊನೆಯ ವಾಸನೆ.

ಬಂದ ಸಸಿಗಳೆಲ್ಲ ನಮ್ಮಲ್ಲಿ ಉಳಿಯಲಿಲ್ಲ. ಬಹಳಷ್ಟನ್ನು ಕೇಳಿದವರಿಗೆ ಕೊಟ್ಟುಬಿಟ್ಟರು, ಕೆಲವನ್ನು ಆಡು ಮೇಯ್ದವು. ಹಿತ್ತಲಲ್ಲಿ ಒಂದು ಲಿಂಬೆ, ಒಂದು ಪೇರಲ, ಬಂದು ಹೋಗುವ ಪಪ್ಪಾಯಿಗಳು, ಮತ್ತು ಪಡುವಣ ಮೂಲೆಯಲ್ಲಿ ಒಂದು ಮಾವು ನಿಂತವು.

ಆ ಮಾವಿನ ಹಣ್ಣು ಬಂದದ್ದು ಕಿತ್ತೂರಿನಿಂದ. ಮಾವಿನ ಸುಗ್ಗಿ ಮುಗಿಯುತ್ತ ಬಂದಿತ್ತು, ಮಳೆಯ ಹನಿ ಶುರುವಾಗಿತ್ತು. ಅಂಥ ಹೊತ್ತಿನಲ್ಲಿ ಮಾರುವವರಿಗೆ ಬುಟ್ಟಿ ಬರಿದು ಮಾಡುವ ಅವಸರ ಇರುತ್ತದೆ. ಕೊಳ್ಳುವವರು ಅವಸರ ಮಾಡಬಾರದು. ನಾನು ಅತ್ತ ಹೋಗಿ ಇತ್ತ ಬಂದು, ಕೊನೆಗೆ ನನ್ನ ದರಕ್ಕೇ ಇಳಿಸಿ, ಚೀಲ ತುಂಬಿಸಿಕೊಂಡು, ಬುಟ್ಟಿಯ ಕಡೆ ನೋಡಿ ನಿಂತೆ. ಮಾರುತ್ತಿದ್ದ ಅಜ್ಜಿ ಮೂಲೆಯಲ್ಲಿದ್ದ, ಒಂದು ಬದಿ ನೆಗ್ಗಿದ ಸಣ್ಣ ಹಣ್ಣನ್ನು ಎತ್ತಿ ನನ್ನ ಚೀಲಕ್ಕೆ ಒಗೆದಳು.

"ಒಯ್ಯವಾ, ಇದನ್ನೂ ಒಯ್ಯಿ," ಎಂದಳು. "ಇನ್ನ ಬುಟ್ಟಿ ಅಷ್ಟ ಉಳದೈತಿ. ಅದನ್ನೂ ಕೊಡ್ಲೇನು?"

ಬಸ್ಸಿನಲ್ಲಿ ಅವರು ಆ ಹಣ್ಣನ್ನು ಅಂಗೈಗಳ ನಡುವೆ ಮೆತ್ತಗೆ ಮಾಡಿ, ತೊಟ್ಟು ಕಚ್ಚಿ ತೆಗೆದು, ಕಿಟಕಿಯ ಹೊರಗೆ ನೋಡುತ್ತ ಚೀಪಿದರು. ಎಂ.ಕೆ. ಹುಬ್ಬಳ್ಳಿ ದಾಟುವ ತನಕ ಚೀಪಿದರು. ನನಗೊಂದು ಹನಿ ಉಳಿಸಲಿಲ್ಲ. ಹೇಗಿತ್ತು ಎಂದು ಕೇಳಿದರೆ, ತೂಕದ ಮನುಷ್ಯ, "ಹೇಳಾಕ ಬರಂಗಿಲ್ಲ" ಎಂದು ಗೊರಟೆಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

ಆ ಗಿಡಕ್ಕೆ ಅವರು ಮಾಡಿದ ಆರೈಕೆಯನ್ನು ನಾನು ಹೇಳಬಾರದು, ಹೊಟ್ಟೆಕಿಚ್ಚು ಎಂದಾರು. ಚಿಗುರು ತಾಮ್ರದ ಬಣ್ಣಕ್ಕೆ ಬಂದರೆ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಕರೆದು ತೋರಿಸುವರು. ಸಂಡಿಗೆ ಹಿಟ್ಟು ಹದಕ್ಕೆ ಬಂದಿರುವ ಹೊತ್ತಿಗೇ ಅದು ಚಿಗುರಬೇಕೇ ಎಂದು ನಾನು ಬೈಯುತ್ತ ಹೋಗುವೆ. ಆಳೆತ್ತರವಾಯಿತು, ಗೋಡೆಯೆತ್ತರವಾಯಿತು, ನಮ್ಮ ತಗಡಿನ ಮಾಡನ್ನೂ ದಾಟಿತು. ಹೂ ಮಾತ್ರ ಬಿಡಲಿಲ್ಲ. ಗೊರಟೆಯ ಗಿಡ ಕಸಿ ಗಿಡದ ಹಾಗಲ್ಲ, ತನ್ನ ಮನಸ್ಸು ಬಂದಾಗ ಬಿಡುತ್ತದೆ. ಅವರು ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಗಿಡದ ಕೆಳಗೆ ನಿಂತು, ಕತ್ತೆತ್ತಿ ಟೊಂಗೆಟೊಂಗೆಯನ್ನೂ ನೋಡಿ, ಒಳಗೆ ಬಂದು ಏನೂ ಹೇಳದೆ ಊಟಕ್ಕೆ ಕೂಡುವರು. ಈ ವರ್ಷವೂ ಇಲ್ಲ ಎಂದು ನನಗೆ ತಿಳಿಯುತ್ತಿತ್ತು.

ಹೂ ಬರಲಿಲ್ಲ, ನೆರಳು ಬಂತು. ನನ್ನ ವ್ಯಾಪಾರವೆಲ್ಲ ಬಿಸಿಲಿನ ಮೇಲೆ ನಿಂತದ್ದು. ತಗಡಿನ ಮಾಡಿನ ಮೇಲೆ ಹತ್ತಿ ಒಣಹಾಕುವಂತಿಲ್ಲ. ಹಿತ್ತಲಲ್ಲೇ ಹೊರಸುಗಳನ್ನು, ಅಂದರೆ ಹಗ್ಗದ ಮಂಚಗಳನ್ನು ಹಾಕಿ, ಹಳೆಯ ಸೀರೆ ಹಾಸಿ, ಶಾವಿಗೆ ಸಂಡಿಗೆ ಒಣಗಿಸಬೇಕು. ಶಿವರಾತ್ರಿಯಿಂದ ಯುಗಾದಿ ದಾಟುವವರೆಗೆ ನನಗೆ ಒಂದು ಗಳಿಗೆಯ ಬಿಸಿಲೂ ಬಂಗಾರ. ಪಡುವಣ ಮೂಲೆಯ ಮಾವು ಮಧ್ಯಾಹ್ನವಾಯಿತೆಂದರೆ ಅರ್ಧ ಹಿತ್ತಲನ್ನು ನುಂಗುತ್ತಿತ್ತು. ಒಂದು ಸಲ ರಾಮದುರ್ಗದ ಮದುವೆ ಮನೆಯವರ ಸಂಡಿಗೆ ನೆರಳಿನಲ್ಲಿ ಒಳಗೆ ಹಸಿ ಉಳಿದು, ಹುಳಿ ಹಿಡಿಯಿತು. ಎಲ್ಲವನ್ನೂ ಚೆಲ್ಲಿ, ಮತ್ತೆ ಅಕ್ಕಿ ನೆನೆಹಾಕಿ, ಮತ್ತೆ ಮಾಡಿಕೊಟ್ಟೆ. ಮಾತು ತಪ್ಪದೆ ಮಾಲು ಮುಟ್ಟಿಸಿದೆ. ಆದರೆ ಅವತ್ತೇ ಅವರಿಗೆ ಹೇಳಿದೆ.

"ಗಿಡ ತಗಸೂಣ್ರಿ."

ಅವರು ಮೇಲಿನ ಟೊಂಗೆಯತ್ತ ನೋಡಿದರು. "ಇನ್ನೂ ಕಾಯಿ ಬಿಟ್ಟಿಲ್ಲಲ್ಲ."

"ಬಿಟ್ರರ ಏನ್ ಬಿಡತೈತ್ರಿ? ಕೊಸರಿಗೆ ಯಾರರ ಛಲೋ ಹಣ್ಣ ಕೊಡ್ತಾರೇನು? ಬುಟ್ಟ್ಯಾಗಿನ ಹುಳಕ ಆರಿಸಿ ಒಗೀತಾರ. ಇಷ್ಟ ವರ್ಷ ನಾವು ನಾಕ ಊರಿನ ಹುಳಕ ತಂದು ಬಿತ್ತೇವಿ."

ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ. ಆಡಿದ ಮೇಲೆ ಅದು ನಿಜವೆಂದು ನನಗೇ ಹೊಳೆಯಿತು. ಬುದ್ಧಿವಂತೆ ಎಂದು ಹೆಸರು ಮಾಡಿದವಳು, ಇಡೀ ಸಂಸಾರದುದ್ದಕ್ಕೂ ಮಾರುವವರು ಬೇಡವೆಂದು ಬಿಸಾಕಿದ್ದನ್ನೇ ಗೆಲುವೆಂದು ಹೊತ್ತು ತಂದಿದ್ದೆ. ಇವರು ಅದನ್ನು ಭಕ್ತಿಯಿಂದ ಊರಿ ನೀರು ಹಾಕಿದ್ದರು. ನಮ್ಮ ಪೇರಲದಲ್ಲಿ ತಿರುಳಿಗಿಂತ ಬೀಜವೇ ಹೆಚ್ಚು ಯಾಕೆ ಎಂದು ಅವತ್ತು ಇಬ್ಬರಿಗೂ ಒಟ್ಟಿಗೇ ಅರ್ಥವಾದಂತಾಗಿ, ಜಗಳದ ನಡುವೆ ನಗು ಬಂತು. ನಕ್ಕು ಮುಗಿದ ಮೇಲೆ ಅವರು ಮೆಲ್ಲಗೆ, "ಹಣ್ಣ ನೆಗ್ಗಿದ್ರ ಒಳಗಿನ ಬೀಜ ನೆಗ್ಗಿರತೈತೇನು?" ಎಂದರು. ನೋಡಿದರೆ ಆ ಮಾತು ಸರಿಯೇ. ಆಪೂಸಿನ ಗೊರಟೆ ಊರಿದವರಿಗೂ ಆಪೂಸೇ ಬರಬೇಕೆಂದಿಲ್ಲ. ಗೊರಟೆಯ ಗಿಡ ತಾಯಿಯ ರುಚಿ ತಂದರೂ ತಂದೀತು, ಬಿಟ್ಟರೂ ಬಿಟ್ಟೀತು. ಖಾತ್ರಿ ಬೇಕಿದ್ದವರು ಕಸಿ ಗಿಡವನ್ನೇ ಕೊಳ್ಳಬೇಕು.

ಜೀವಮಾನದಲ್ಲಿ ಚೌಕಾಸಿ ಮಾಡದ ಮನುಷ್ಯ ಅವತ್ತು ನನ್ನ ಎದುರು ಚೌಕಾಸಿಗೆ ಕುಳಿತರು. ಗಿಡ ಇರಲಿ, ನೆರಳು ಸರಿದಂತೆಲ್ಲ ಹೊರಸುಗಳನ್ನು ತಾವೇ ಸರಿಸುವರು, ಒಂದು ಸಂಡಿಗೆಯೂ ನೆರಳಲ್ಲಿ ಉಳಿಯದಂತೆ ನೋಡಿಕೊಳ್ಳುವರು. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ಚೌಕಾಸಿಯಲ್ಲಿ ಹಾಗೆ ಎಲ್ಲವನ್ನೂ ಮೊದಲೇ ಕೊಟ್ಟುಬಿಡಬಾರದು, ಒಂದೊಂದಾಗಿ ಬಿಡಬೇಕು. ಕಲಿಸಿಕೊಡೋಣ ಎಂದುಕೊಂಡೆ, ಮುಖ ನೋಡಿ ಬಿಟ್ಟೆ. ಆಗಲಿ ಎಂದೆ.

ಆಮೇಲಿನ ಬೇಸಿಗೆಗಳಲ್ಲಿ ನಮ್ಮ ಹಿತ್ತಲಿಗೆ ಬಂದವರು ಒಂದು ತಮಾಷೆ ನೋಡುತ್ತಿದ್ದರು. ತಲೆಗೆ ಟವೆಲ್ಲು ಸುತ್ತಿಕೊಂಡ ಒಬ್ಬ ಮನುಷ್ಯ, ಕಾಗೆ ಓಡಿಸುವ ಕೋಲು ಕಂಕುಳಲ್ಲಿ ಇಟ್ಟುಕೊಂಡು, ಬಿಸಿಲಿನ ಹಿಂದೆ ಹೊರಸು ಎಳೆಯುತ್ತ ತಿರುಗುವುದು. ಸರಿಸಿದ ಮೇಲೆ ಶಾವಿಗೆಯ ಎಳೆ ಮುರಿದಿದೆಯೋ ಎಂದು ಬಗ್ಗಿ ನೋಡುವರು. ನನ್ನ ಮಾಲಿಗೆ ಅಷ್ಟು ಕಾಳಜಿ ನಾನೂ ಮಾಡಿದವಳಲ್ಲ. ಮಧ್ಯಾಹ್ನ ಮಜ್ಜಿಗೆ ಒಯ್ದು ಕೊಟ್ಟರೆ ಗಿಡದ ನೆರಳಿನಲ್ಲೇ ನಿಂತು ಕುಡಿಯುವರು. ಎಷ್ಟು ತಂಪೈತಿ ನೋಡು ಎಂದು ನನಗೂ ಹೇಳುವರು.

ಹೋದ ಬೇಸಿಗೆಯ ಕೊನೆಗೆ ಅವರ ಸೊಂಟ ಹಿಡಿಯಿತು. ಡಾಕ್ಟರರು ಭಾರ ಎತ್ತಬಾರದು, ಬಗ್ಗಬಾರದು ಎಂದರು. ಇವರು ಹೂಂ ಎಂದು ಬಂದು, ನಾನು ಅಂಗಡಿಗೆ ಹೋದ ಹೊತ್ತು ನೋಡಿ ಹೊರಸು ಎಳೆದಿದ್ದರು. ತಿರುಗಿ ಬಂದಾಗ ಗೋಡೆ ಹಿಡಿದು ನಿಂತಿದ್ದರು. ಕೂಡಲೂ ಬರುತ್ತಿಲ್ಲ, ನಡೆಯಲೂ ಬರುತ್ತಿಲ್ಲ. ಬಿಸಿನೀರಿನ ಚೀಲ ಇಡುತ್ತ ನಾನು ಹೇಳಿದೆ, ಇದು ಮುಗಿಯಿತು, ಮುಂದಿನ ಬೇಸಿಗೆಗೆ ಗಿಡ ಇರುವುದಿಲ್ಲ ಎಂದು. ಅವರು ವಾದ ಮಾಡಲಿಲ್ಲ. ವಾದ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಈ ಸಲ ಸಂಕ್ರಾಂತಿ ಕಳೆದ ಮೇಲೆ, ಗಿಡ ಕಡಿಯುವವನಿಗೆ ಹೇಳಿ ಕಳಿಸಿದ್ದೇನೆ ಎಂದು ತಿಳಿಸಿದ ದಿನ, ಅವರು ಗಿಡದ ಬುಡದ ಸುತ್ತ ಇದ್ದ ಸಸಿಯ ಡಬ್ಬಿಗಳನ್ನು ಒಂದೊಂದಾಗಿ, ಕಾಲಿನಿಂದ ಮೆಲ್ಲಗೆ ನೂಕುತ್ತ, ಗಿಡ ಉರುಳಿದರೆ ತಾಗದಷ್ಟು ದೂರಕ್ಕೆ ಸರಿಸಿದರು. ಮೇಲೆ ಮಾತ್ರ ನೋಡಲಿಲ್ಲ. ಈ ವರ್ಷ ಕತ್ತೆತ್ತಿ ಹೂ ಹುಡುಕುವುದನ್ನೇ ಬಿಟ್ಟಿದ್ದರು.

ಕಡಿಯುವವನು ಬಂದ. ಗಿಡದ ಸುತ್ತ ಒಂದು ಸುತ್ತು ಹಾಕಿ, ಬುಡಕ್ಕೆ ಕೈಯಿಟ್ಟು, ಮುಖ ಸಿಂಡರಿಸಿದ. ಅದು ನನಗೆ ಗೊತ್ತಿದ್ದ ಮುಖ. ನಾನೂ ಪ್ರತಿ ಸಂತೆಯಲ್ಲಿ ಮಾಡುವುದೇ.

"ಅಕ್ಕಾರ, ಇದು ಕಟ್ಟಿಗಿ ಅಲ್ರಿ," ಎಂದ. "ಒಯ್ಯೂ ಖರ್ಚ ಹುಟ್ಟಂಗಿಲ್ಲ. ನೀವ ನನಗ ಕೂಲಿ ಕೊಡಬೇಕಾಗತೈತಿ."

ಅಲ್ಲಿಗೆ ನನ್ನ ವ್ಯಾಪಾರದ ಬುದ್ಧಿ ಎದ್ದಿತು. ನನ್ನ ಹಿತ್ತಲಿಗೆ ಬಂದು ನನ್ನ ಮಾಲನ್ನು ಹಳಿಯುವುದೆಂದರೇನು? ಶುರು ಮಾಡಿದೆ. ಬುಡ ನೋಡು, ಎಷ್ಟು ನೆಟ್ಟಗಿದೆ, ಒಂದು ಗಂಟಿಲ್ಲ. ಗೊರಟೆಯಿಂದ ಬಂದದ್ದು, ತಾಯಿಬೇರು ಪಾತಾಳಕ್ಕೆ ಇಳಿದಿದೆ. ಎಲ್ಲರ ಬಾವಿ ಬತ್ತಿದ ಬೇಸಿಗೆಯಲ್ಲೂ ಇದರ ಒಂದು ಎಲೆ ಬಾಡಲಿಲ್ಲ. ಒಂದು ದಿನ ಔಷಧ ಹೊಡೆದದ್ದಿಲ್ಲ, ಒಂದು ಹುಳ ಬಿದ್ದದ್ದಿಲ್ಲ. ಆಡು ತುದಿ ಮೇಯ್ದರೂ ಮತ್ತೆ ಚಿಗುರಿ ಬಂದ ಗಿಡ. ಇದರ ಕೆಳಗೆ ನಿಂತು ನೋಡು, ಇಡೀ ಓಣಿಯಲ್ಲಿ ಇಂಥ ತಂಪು ಇದೆಯೇ? ಮಕ್ಕಳನ್ನು ಸಾಕಿದ ಹಾಗೆ ಸಾಕಿದ್ದಾರೆ ನಮ್ಮ ಯಜಮಾನರು, ಇಂಥ ಗಿಡ ದುಡ್ಡು ಕೊಟ್ಟರೆ ಸಿಗುತ್ತದೆಯೇ? ಹೇಳುತ್ತ ಹೇಳುತ್ತ ನನಗೆ ಹುರುಪು ಏರಿತು.

ಅವನು ಕೊಡಲಿಯ ಕಾವಿಗೆ ಒರಗಿ ಎಲ್ಲವನ್ನೂ ಕೇಳಿದ.

"ಇಷ್ಟೆಲ್ಲಾ ಇದ್ರ ಕಡಸ್ತೀರಿ ಯಾಕ್ರಿ?"

ನಲ್ಲಿಯ ಹತ್ತಿರ ಯಜಮಾನರು ಡಬ್ಬಿ ತೊಳೆಯುತ್ತ ಕುಳಿತಿದ್ದರು. ತಲೆ ಎತ್ತಿರಲಿಲ್ಲ, ಆದರೆ ಕೈ ನಿಂತಿತ್ತು. ತುಂಬಿದ ಡಬ್ಬಿಯಿಂದ ನೀರು ಹೊರಚೆಲ್ಲುತ್ತಿತ್ತು. ನಾನು ಹೋಗಿ ನಲ್ಲಿ ಬಂದ್ ಮಾಡಿದೆ.

"ಚಾ ಕುಡದು ಹೋಗ್ರಿ," ಎಂದೆ ಕಡಿಯುವವನಿಗೆ. "ಗಿಡ ಕೊಡೂದಿಲ್ಲ."

ಬಂದು ಹೋಗುವ ಖರ್ಚು ದಂಡವಾಯಿತು ಎಂದು ಅವನು ಗೊಣಗಿದ. ಒಂದು ಪಾಕೀಟು ಸಂಡಿಗೆ ಕೊಟ್ಟು ಕಳಿಸಿದೆ, ತೂಕ ಮಾಡದೆ.

ಗಿಡ ಉಳಿಯಿತು ಎಂದರೆ ಬಿಸಿಲನ್ನು ಬೇರೆ ಕಡೆ ಹುಡುಕಬೇಕು. ಬಿಸಿಲು ಇದ್ದದ್ದು ಪಡುವಣಕ್ಕಿದ್ದ ಬಾಜೂ ಮನೆಯ ಸ್ಲ್ಯಾಬಿನ ಮೇಲೆ. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು, ಆದರೆ ಕೇಳುವ ಹಾಗಿರಲಿಲ್ಲ. ಆ ಮನೆಯ ಅಕ್ಕ, ಸಾಲಿ ಟೀಚರಾಗಿ ರಿಟೈರ್ ಆದವರು, ನಮ್ಮ ಮಾವಿನ ಒಣಗಿದೆಲೆ ತಮ್ಮ ಅಂಗಳಕ್ಕೆ ಬೀಳುತ್ತದೆ ಎಂದು ವರ್ಷಗಳಿಂದ ಗೋಡೆಯ ಮೇಲಿಂದ ಮಾತು ಕೇಳಿಸುತ್ತ ಬಂದವರು. ನಾನೂ ಬಿಟ್ಟವಳಲ್ಲ, ಗಾಳಿಗೆ ಹೇಳಿರಿ ಎಂದಿದ್ದೆ. ಯಾವುದೇ ವ್ಯವಹಾರದಲ್ಲಿ ಮೊದಲು ಬಾಯಿ ಬಿಟ್ಟವರು ಸಡಿಲು ಬಿದ್ದಂತೆ. ನಿಮಗೆ ಅಗತ್ಯವಿದೆ ಎಂದು ಎದುರಿನವರಿಗೆ ಗೊತ್ತಾದರೆ ಅಲ್ಲಿಗೆ ಮುಗಿಯಿತು. ಇಷ್ಟನ್ನು ತಿಳಿದವಳು, ಸೀರೆ ಬದಲಿಸಿಕೊಂಡು, ಕೈಯಲ್ಲಿ ಏನೂ ಹಿಡಿಯದೆ ಅವರ ಮನೆಗೆ ಹೋಗಿ ಮೊದಲು ಬಾಯಿ ಬಿಟ್ಟೆ.

"ನಿಮ್ಮ ಸ್ಲ್ಯಾಬಿನ ಮ್ಯಾಲ ಶಾವಿಗಿ ಒಣಾ ಹಾಕ್ಲೇನ್ರಿ ಅಕ್ಕಾರ?"

ಅವರು ಕನ್ನಡಕ ತೆಗೆದರು. "ಕೊಡಲಿ ಬಂತು ಅಂತ ನಾ ಖುಷಿಯಾಗಿದ್ನಿ. ನಿನ್ನ ಎಲಿ ಉಡುಗಿ ಉಡುಗಿ ನನ್ನ ಕಸಬರಗಿ ಸವದಾವು. ಈಗ ಬಿಸಲೂ ನನ್ನದ ಬೇಕೇನ ನಿನಗ?"

"ಎಲಿ ನಾ ಬಂದು ಉಡಗ್ತೇನ್ರಿ. ದಿನಾ."

"ಅದರ ಮ್ಯಾಲ?"

"ನೀವ ಹೇಳ್ರಿ."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಆರಾಮ ಅದೀ ಇಲ್ಲೋ? ಡಾಕ್ಟರ ಕಡೆ ನಿಮ್ಮವರನ್ನ ಅಷ್ಟ ಒಯ್ದಿದ್ದೆಲ್ಲ, ನೀನೂ ತೋರಿಸ್ಕೋಬೇಕಿತ್ತು."

ವರ್ಷಕ್ಕಾಗುವಷ್ಟು ಶಾವಿಗೆ ಎಂದು ಅವರು ಹೇಳಿದರು, ನಾನು ಹೂಂ ಎಂದೆ. ಅರ್ಧಕ್ಕೆ ಇಳಿಸಬಹುದಿತ್ತು, ಅವರೂ ಇಳಿಯಲು ತಯಾರಾಗಿಯೇ ಕುಳಿತಿದ್ದರು ಎಂದು ಈಗಲೂ ನನ್ನ ಲೆಕ್ಕ.

ಶಿವರಾತ್ರಿಗೆ ಮೊದಲೇ ಆ ಸ್ಲ್ಯಾಬು ತೊಳೆದು, ಮೊದಲ ದಿನದ ಶಾವಿಗೆಯನ್ನು ಒಯ್ದು ಹರವಿದೆ. ಹರವಿ ಸೊಂಟ ನೆಟ್ಟಗೆ ಮಾಡಿಕೊಳ್ಳಲು ಎದ್ದು ನಿಂತು, ನಮ್ಮ ಹಿತ್ತಲ ಕಡೆ ತಿರುಗಿದೆ. ನಮ್ಮ ಗಿಡವನ್ನು ನಾವು ಯಾವತ್ತೂ ಕೆಳಗಿನಿಂದ, ಮೂಡಣ ಬದಿಯಿಂದ ನೋಡಿದವರು. ಆ ಕಡೆಯಿಂದ ಕಂಡದ್ದು ಬರೀ ಎಲೆ. ಈ ಪಡುವಣ ಬದಿಗೆ, ಸಂಜೆಯ ಬಿಸಿಲು ಬೀಳುವ ಕಡೆಗೆ, ನೆತ್ತಿಯ ಟೊಂಗೆಗಳ ತುದಿಯಲ್ಲಿ ಗಿಡ ಹೂ ಬಿಟ್ಟು ನಿಂತಿತ್ತು. ತೆಳು ಹಳದಿ, ಅಲ್ಲಲ್ಲಿ ಕೆಂಪು ದಂಟು, ಜೇನ್ನೊಣಗಳ ಸದ್ದು. ಅದರಲ್ಲಿ ಕಾಯಿ ಎಷ್ಟು ನಿಲ್ಲುತ್ತದೆ, ಗಾಳಿಗೆ ಎಷ್ಟು ಹೋಗುತ್ತದೆ, ರುಚಿ ಹೇಗಿರುತ್ತದೆ, ಯಾರಿಗೂ ಗೊತ್ತಿಲ್ಲ. ಹೊಸ ಗಿಡದ ಮೊದಲ ಹೂವನ್ನು ನಂಬಿ ಯಾರೂ ಉಪ್ಪಿನಕಾಯಿಯ ಭರಣಿ ತೊಳೆಯಬೇಡಿ ಎಂದು ನಾನೇ ಹೇಳುತ್ತೇನೆ.

ಗೋಡೆಯ ಮೇಲಿಂದ ಕೂಗಿ ಹೇಳಿದರೆ ಅವರು ನಂಬಲಿಲ್ಲ. "ನೀ ಮಾಲ್ ಹೊಗಳಾಕತ್ತಿ," ಎಂದರು. ಮೆಟ್ಟಿಲು ಹತ್ತುವುದು ಬೇಡ ಎಂದೆ, ಅದನ್ನೂ ಕೇಳಲಿಲ್ಲ. ಒಂದು ಕೈ ಗೋಡೆಗೆ, ಒಂದು ಕೈ ನನ್ನ ಹೆಗಲಿಗೆ, ಒಂದೊಂದೇ ಮೆಟ್ಟಿಲು. ಕೆಳಗಿನಿಂದ ಬಾಜೂ ಮನೆಯ ಅಕ್ಕ, ಬಿದ್ದು ಗಿದ್ದೀರಿ, ನನ್ನ ಮೆಟ್ಟಿಲಿಗೆ ಕೆಟ್ಟ ಹೆಸರು ತರಬೇಡಿ ಎನ್ನುತ್ತ ತಾವೂ ಹಿಂದೆ ಹತ್ತಿ ಬಂದರು.

ಮೇಲೆ ಬಂದು ಕಟ್ಟೆ ಹಿಡಿದು ನಿಂತರು. ಬಹಳ ಹೊತ್ತು ನೋಡಿದರು. ನಾನು ಶಾವಿಗೆ ತಿರುವಿಹಾಕುತ್ತ, ಅವರು ಏನು ಹೇಳಿಯಾರು ಎಂದು ಕಿವಿಯನ್ನು ಅತ್ತಲೇ ಇಟ್ಟಿದ್ದೆ. ಅವರು ಗಿಡವನ್ನು ನೋಡಿದರು, ಕಾಲ ಕೆಳಗಿನ ಸ್ಲ್ಯಾಬನ್ನು ನೋಡಿದರು, ಮತ್ತೆ ಗಿಡವನ್ನು ನೋಡಿದರು. ತಕ್ಕಡಿಯ ಮುಂದೆ ನಿಂತ ದಿನಗಳಲ್ಲಿ ಅವರ ಮುಖ ಹಾಗೇ ಇರುತ್ತಿತ್ತು.

"ಈ ದೊಡ್ಡ ಟೊಂಗಿ ಇತ್ತಾಗ ವಾಲೈತಿ," ಎಂದರು ಕೊನೆಗೆ, ಅಕ್ಕನಿಗೆ ಕೇಳದಂತೆ. "ಇನ್ನ ಸ್ವಲ್ಪ ಬೆಳದ್ರ ಮುಂಜಾನಿ ನೆರಳು ಇಲ್ಲಿಗೂ ಬರತೈತಿ."

"ಬರ್ಲಿ ಬಿಡ್ರಿ," ಎಂದೆ. ಅಷ್ಟರಲ್ಲಿ ನನ್ನ ಕಣ್ಣು ಆಚೆ ಮನೆಯ ಸ್ಲ್ಯಾಬನ್ನು ಅಳೆದು ಆಗಿತ್ತು.